ಹೆಸರು ಕಳೆದುಕೊಂಡ ಮುರಾದ್ ಅಲಿ

ಪಂಜಾಬಿನ ಒಂದು ಊರು. ನತ್ಥು ಎಂಬ ಚರ್ಮ ಸುಲಿಯುವ ಬಡವನ ಕೈಗೆ ಐದು ರೂಪಾಯಿಯ ನೋಟು ಬರುತ್ತದೆ. ಪಶುವೈದ್ಯರಿಗೆ ಬೇಕಾಗಿದೆ, ಒಂದು ಹಂದಿ ಕೊಂದು ಕೊಡು ಎನ್ನುತ್ತಾನೆ ಕೊಟ್ಟವನು. ಬೆಳಗಾದರೆ ಸತ್ತ ಹಂದಿ ಮಸೀದಿಯ ಮೆಟ್ಟಿಲ ಮೇಲೆ ಬಿದ್ದಿರುತ್ತದೆ. ಸ್ವಲ್ಪ ಹೊತ್ತಿನಲ್ಲೇ ಊರು ಹೊತ್ತಿಕೊಳ್ಳುತ್ತದೆ. ಭೀಷ್ಮ ಸಾಹ್ನಿಯವರ ‘ತಮಸ್’ ಕಾದಂಬರಿ ಶುರುವಾಗುವುದು ಹೀಗೆ.

ಸಾಹ್ನಿಯವರು 1915ರಲ್ಲಿ ರಾವಲ್ಪಿಂಡಿಯಲ್ಲಿ ಹುಟ್ಟಿದವರು. 1947ರ ಮಾರ್ಚ್ ತಿಂಗಳ ಗಲಭೆಗಳನ್ನು ಕಾಂಗ್ರೆಸ್ ಕಾರ್ಯಕರ್ತರಾಗಿ ಕಣ್ಣಾರೆ ಕಂಡವರು. 1970ರಲ್ಲಿ ಭಿವಂಡಿಯ ಸುಟ್ಟ ಮನೆಗಳ ನಡುವೆ ಓಡಾಡುವಾಗ ಆ ಹಳೆಯ ರಾವಲ್ಪಿಂಡಿ ಅವರಿಗೆ ನೆನಪಾಯಿತು. 1974ರಲ್ಲಿ ಪುಸ್ತಕ ಬಂತು, ಮರುವರ್ಷ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಓದುವವರು ಓದಿದರು, ಯಾರೂ ಬೀದಿಗಿಳಿಯಲಿಲ್ಲ.

1988ರಲ್ಲಿ ಗೋವಿಂದ ನಿಹಲಾನಿ ಅದನ್ನು ದೂರದರ್ಶನಕ್ಕೆ ತಂದಾಗ ಮಾತ್ರ ಪರಿಸ್ಥಿತಿ ಬದಲಾಯಿತು. ಆಗ ಇದ್ದದ್ದು ಅದೊಂದೇ ವಾಹಿನಿ. ಅದರಲ್ಲಿ ಬಂದದ್ದನ್ನು ಇಡೀ ದೇಶ ಒಟ್ಟಿಗೆ ಕುಳಿತು ನೋಡುತ್ತಿತ್ತು. ಬಾಂಬೆ ಹೈಕೋರ್ಟಿನಿಂದ ತಡೆಯಾಜ್ಞೆ ಬಂತು. ಇಬ್ಬರು ನ್ಯಾಯಮೂರ್ತಿಗಳು ಚಿತ್ರವನ್ನು ಪೂರ್ತಿ ನೋಡಿ ತಡೆ ತೆಗೆದರು. ಫೆಬ್ರವರಿ 16ರಂದು ಸುಪ್ರೀಂ ಕೋರ್ಟೂ ಪ್ರಸಾರದ ಪರವಾಗಿಯೇ ತೀರ್ಪು ನೀಡಿತು.

ಇಷ್ಟೆಲ್ಲ ಗದ್ದಲದಲ್ಲಿ ಪಾತ್ರಗಳಿಗೆ ಏನಾಯಿತು ಎಂಬುದರ ಕಡೆ ಗಮನ ಹರಿದದ್ದು ಕಡಿಮೆ. ಪುಟದ ಮೇಲಿನ ಪಾತ್ರಕ್ಕೆ ಓದುಗ ತಾನೇ ಮುಖ ಕೊಟ್ಟುಕೊಳ್ಳುತ್ತಾನೆ. ಪರದೆಯ ಮೇಲೆ ಆ ಮುಖವನ್ನು ನಿರ್ದೇಶಕನೇ ಆರಿಸಿಬಿಡುತ್ತಾನೆ.

ಕೆಲವು ಆಯ್ಕೆಗಳಂತೂ ಅಪೂರ್ವ. ಚಹಾದಂಗಡಿಯ ಮುದುಕ ಹರ್‌ನಾಮ್ ಸಿಂಗನ ಪಾತ್ರ ಮಾಡಿದವರು ಸ್ವತಃ ಸಾಹ್ನಿ. ಹೆಂಡತಿ ಬಂತೋ ಆಗಿ ದೀನಾ ಪಾಠಕ್. ಊರು ಬಿಟ್ಟು ರಾತ್ರಿಯಿಡೀ ನಡೆದ ಈ ಸಿಖ್ ದಂಪತಿ ಅಪರಿಚಿತರ ಬಾಗಿಲು ತಟ್ಟುತ್ತಾರೆ. ಅದು ರಾಜೋ ಎಂಬ ಮುಸ್ಲಿಂ ಹೆಂಗಸಿನ ಮನೆ. ಆಕೆ ಅವರನ್ನು ಅಟ್ಟದಲ್ಲಿ ಬಚ್ಚಿಡುತ್ತಾಳೆ. ಇತ್ತ ಆಕೆಯ ಗಂಡ, ಮಗ ಲೂಟಿ ಮಾಡಿ ಹೊತ್ತು ತರುವುದು ಇದೇ ಹರ್‌ನಾಮ್ ಸಿಂಗನ ಪೆಟ್ಟಿಗೆಯನ್ನು! ಬೀಗ ಒಡೆಯುವ ಸದ್ದು ಕೇಳಿ, ಒಡೆಯಬೇಡಿ, ಕೀಲಿಕೈ ಇಲ್ಲಿದೆ ಎಂದು ಮುದುಕ ಮೇಲಿನಿಂದ ಹೇಳುತ್ತಾನೆ. ಕಾದಂಬರಿಯ ಈ ಪ್ರಸಂಗ ಓದಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ರಾಜೋ ಆದವರು ಸುರೇಖಾ ಸಿಕ್ರಿ. ಒರಟು ಮಾತು, ಸಿಡುಕು ಮುಖ. ಕರುಣೆಯ ತಾಯಿಯಂತೆ ಕಣ್ಣೀರು ಸುರಿಸುವ ನಟಿಯನ್ನು ಅಲ್ಲಿ ನಿಲ್ಲಿಸಿದ್ದರೆ ಕತೆ ಕೆಡುತ್ತಿತ್ತು. ‘ಒಳ್ಳೆಯ ಮುಸಲ್ಮಾನ’ರನ್ನು ನಮ್ಮ ಸಿನಿಮಾಗಳು ಸಾಮಾನ್ಯವಾಗಿ ಸಕ್ಕರೆಯಲ್ಲಿ ಅದ್ದಿಯೇ ತೋರಿಸುತ್ತವೆ, ಸಿಕ್ರಿಯವರ ರಾಜೋ ಹಾಗಿಲ್ಲ. ಆ ಪಾತ್ರಕ್ಕೆ ಅವರಿಗೆ ಅತ್ಯುತ್ತಮ ಪೋಷಕ ನಟಿಯ ರಾಷ್ಟ್ರಪ್ರಶಸ್ತಿ ಬಂದದ್ದು ಸರಿಯಾಗಿಯೇ ಇದೆ.

ನನ್ನ ತಕರಾರು ಇರುವುದು ಐದು ರೂಪಾಯಿ ಕೊಟ್ಟವನ ಬಗ್ಗೆ. ಕಾದಂಬರಿಯಲ್ಲಿ ಅವನಿಗೆ ಹೆಸರಿದೆ: ಮುರಾದ್ ಅಲಿ. ಧಾರಾವಾಹಿಯ ಪಾತ್ರಪಟ್ಟಿಯಲ್ಲಿ ಅವನು ಬರೀ ‘ಠೇಕೇದಾರ’. ಪಂಕಜ್ ಕಪೂರ್ ಅವನನ್ನು ಮೈ ನಡುಗುವಷ್ಟು ಚೆನ್ನಾಗಿ ಮಾಡಿದ್ದಾರೆ, ಅದು ಬೇರೆ ಮಾತು. ಮಸೀದಿಯೆದುರು ಹಂದಿ ಹಾಕಿಸಿದವನು ಮುಸಲ್ಮಾನನೇ ಎಂದು ಕೋಟ್ಯಂತರ ಜನರೆದುರು ಹೇಳುವುದು ಆ ದಿನಗಳಲ್ಲಿ ಸುಲಭವಿರಲಿಲ್ಲ, ಒಪ್ಪೋಣ. ಆದರೆ ಸಾಹ್ನಿ ಮುರಾದ್ ಅಲಿಯನ್ನೂ ರಾಜೋಳನ್ನೂ ಒಂದೇ ಪುಸ್ತಕದಲ್ಲಿ ಹೆಸರು ಹಿಡಿದು ಕರೆದಿದ್ದರು. ರಾಜೋಳ ಮನೆಯನ್ನು ನಮ್ಮದೆಂದು ಹೆಮ್ಮೆಪಡುವ ನಾವು ಮುರಾದ್ ಅಲಿಯ ಹೆಸರನ್ನೂ ಕೇಳಿಸಿಕೊಳ್ಳಬೇಕಿತ್ತು. ಅವನನ್ನು ನಡೆಸಿದ ಕೈ ಯಾರದ್ದು ಎಂಬ ಪ್ರಶ್ನೆಯೂ ಆಗ ಇನ್ನಷ್ಟು ಚುಚ್ಚುತ್ತಿತ್ತು.

ಅಂತ್ಯವೂ ಬದಲಾಗಿದೆ. ಪುಸ್ತಕದಲ್ಲಿ ನತ್ಥು ನಡುವೆಯೇ ಮರೆಯಾಗುತ್ತಾನೆ, ಅವನ ಸಾವಿನ ಸುದ್ದಿ ಒಂದು ವಾಕ್ಯದಲ್ಲಿ ಮುಗಿಯುತ್ತದೆ. ಓಂ ಪುರಿಯಂಥ ನಟ ಇರುವಾಗ ಟಿವಿ ಹಾಗೆ ಬಿಟ್ಟೀತೆ? ನತ್ಥು ಮತ್ತು ಬಸುರಿ ಹೆಂಡತಿ ಕರ್ಮೋ, ಹರ್‌ನಾಮ್ ಸಿಂಗ್ ದಂಪತಿಯ ಜೊತೆಗೂಡುತ್ತಾರೆ. ಕೊನೆಗೆ ನಿರಾಶ್ರಿತರ ಶಿಬಿರದಲ್ಲಿ ಕರ್ಮೋ ನತ್ಥುವಿನ ಹೆಣ ಕಾಣುತ್ತಾಳೆ. ಅಲ್ಲಿಯೇ ಕೂಸು ಹುಟ್ಟಿ ಅಳುತ್ತದೆ, ಹೊರಗಿನಿಂದ ಎರಡೂ ಕಡೆಯ ಘೋಷಣೆಗಳು ಕೇಳಿಸುತ್ತವೆ.

ಕಾದಂಬರಿಯ ಕೊನೆಯಲ್ಲಿ ಕೂಸಿಲ್ಲ. ಅಲ್ಲೊಂದು ಶಾಂತಿ ಸಮಿತಿಯ ಬಸ್ಸು, ಧ್ವನಿವರ್ಧಕ ಕಟ್ಟಿಕೊಂಡು ಊರು ಸುತ್ತಲು ಹೊರಟಿದೆ. ಮುಂದಿನ ಸೀಟಿನಲ್ಲಿ ಕುಳಿತು ಐಕ್ಯದ ಘೋಷಣೆ ಕೂಗುತ್ತಿರುವವನು ಮುರಾದ್ ಅಲಿ. ಅವನನ್ನು ಗುರುತಿಸಬಲ್ಲವನಾಗಿದ್ದ ನತ್ಥು ಆಗಲೇ ಸತ್ತಿದ್ದಾನೆ.