ಇಂಪ್ಲಾಂಟ್ ದಂತಪಂಕ್ತಿಗೆ ಅಚ್ಚು ತೆಗೆಯುವ ವಿಧಾನಗಳ ನಿಖರತೆ

ದವಡೆಯ ಮೂಳೆಯಲ್ಲಿರುವ ಇಂಪ್ಲಾಂಟ್‌ಗಳ ಸ್ಥಾನವನ್ನು ಪ್ರಯೋಗಾಲಯದ ಮಾದರಿಗೆ ದಾಟಿಸುವುದು ಅಚ್ಚಿನ ಕೆಲಸ. ಸಹಜ ಹಲ್ಲಿನ ಬೇರನ್ನು ಸುತ್ತಿದ ತಂತುಪದರ ಅದಕ್ಕೆ ಕೊಂಚ ಅಲುಗಲು ಎಡೆ ಕೊಡುತ್ತದೆ. 1965ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ರೋಗಿಗಳಲ್ಲಿ ಬಳಕೆಗೆ ತಂದ, ಮೂಳೆಯೊಡನೆ ನೇರವಾಗಿ ಬೆಸೆದುಕೊಳ್ಳುವ ಟೈಟಾನಿಯಂ ಇಂಪ್ಲಾಂಟ್‌ಗೆ ಆ ಸಡಿಲಿಕೆ ಇಲ್ಲ. ಹಾಗಾಗಿ ಅಚ್ಚಿನ ತಪ್ಪು ತಾನಾಗಿ ಸರಿಹೋಗದೆ, ಸ್ಕ್ರೂ ಬಿಗಿದಾಗ ಒತ್ತಡವಾಗಿ ಉಳಿಯುತ್ತದೆ.

ಯಾವ ವಿಧಾನ ಮೇಲು ಎಂಬುದನ್ನು ಮುಖ್ಯವಾಗಿ ಇಂಪ್ಲಾಂಟ್‌ಗಳ ಸಂಖ್ಯೆಯೇ ತೀರ್ಮಾನಿಸುತ್ತದೆ. ಮುಚ್ಚಿದ ಟ್ರೇಯಲ್ಲಿ ಕೋಪಿಂಗ್, ಅಂದರೆ ಇಂಪ್ಲಾಂಟ್‌ಗೆ ಬಿಗಿದು ಅದರ ಸ್ಥಾನವನ್ನು ಅಚ್ಚಿಗೆ ದಾಟಿಸುವ ತುಂಡು, ಬಾಯಲ್ಲೇ ಉಳಿಯುತ್ತದೆ, ಆಮೇಲೆ ಅದನ್ನು ಬಿಚ್ಚಿ ಕೈಯಿಂದ ಅಚ್ಚಿನೊಳಗೆ ಮತ್ತೆ ಕೂರಿಸಬೇಕು. ತಪ್ಪು ನುಸುಳುವುದು ಅಲ್ಲಿಯೇ. ತೆರೆದ ಟ್ರೇಯ ರಂಧ್ರದಿಂದ ಉದ್ದನೆಯ ಸ್ಕ್ರೂ ಹೊರಗಿಣುಕುತ್ತದೆ, ಅದನ್ನು ಬಿಚ್ಚಿದರೆ ಕೋಪಿಂಗ್ ಅಚ್ಚಿನೊಡನೆಯೇ ಬರುತ್ತದೆ. ಇಂಪ್ಲಾಂಟ್‌ಗಳು ಮೂರರವರೆಗೆ ಇದ್ದರೆ ಎರಡೂ ಬಹುತೇಕ ಸಮವೆಂದೂ ನಾಲ್ಕು ಅಥವಾ ಅದಕ್ಕಿಂತ ಹೆಚ್ಚಿದ್ದರೆ ತೆರೆದ ಟ್ರೇ ಹೆಚ್ಚು ನಂಬಲರ್ಹವೆಂದೂ ಅನೇಕ ಅಧ್ಯಯನಗಳು ತೋರಿಸಿವೆ. ಕೋಪಿಂಗ್‌ಗಳನ್ನು ರೆಸಿನ್‌ನಿಂದ ಒಂದಕ್ಕೊಂದು ಜೋಡಿಸಿದರೆ ನಿಖರತೆ ಇನ್ನೂ ಹೆಚ್ಚು. ರೆಸಿನ್ ಕುಗ್ಗುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಗಟ್ಟಿಯಾದ ರೆಸಿನ್ನನ್ನು ತೆಳುವಾಗಿ ಕತ್ತರಿಸಿ, ಆ ಸಂದನ್ನಷ್ಟೇ ಮತ್ತೆ ಬೆಸೆದರೆ ಕುಗ್ಗುವಿಕೆ ನಗಣ್ಯವಾಗುತ್ತದೆ. ಬಾಯಿಯೊಳಗಿನ ಸ್ಕ್ಯಾನರ್ ಬಂದಮೇಲೆ ಈ ಚರ್ಚೆ ಮುಗಿಯಿತೆನ್ನುವವರಿದ್ದಾರೆ. ಒಂದೆರಡು ಹಲ್ಲಿಗೆ ಆ ಮಾತು ಒಪ್ಪತಕ್ಕದ್ದು. ಇಡೀ ದವಡೆಯಲ್ಲಾದರೆ ಚಿತ್ರಕ್ಕೆ ಚಿತ್ರ ಹೊಲಿಯುತ್ತ ಹೋದಂತೆ ಸಣ್ಣ ತಪ್ಪುಗಳು ಕೂಡಿಕೊಳ್ಳುತ್ತವೆ. ಮೂಳೆ ಅಲ್ಪ ವ್ಯತ್ಯಾಸವನ್ನು ತಾಳಿಕೊಳ್ಳುತ್ತದೆ ಎಂಬುದೂ ದಿಟ, ಆದರೆ ಸ್ಕ್ರೂ ಸಡಿಲವಾಗುವುದು, ಪಿಂಗಾಣಿ ಒಡೆಯುವುದು ಮೂಳೆಯ ತಾಳ್ಮೆಯಿಂದ ತಪ್ಪುವುದಿಲ್ಲ. ಅಚ್ಚು ಯಾವುದೇ ಇರಲಿ, ಒಂದು ತುದಿಯ ಸ್ಕ್ರೂ ಮಾತ್ರ ಬಿಗಿದಾಗ ಇನ್ನೊಂದು ತುದಿ ಮೇಲೇಳುವ ದಂತಪಂಕ್ತಿಯ ಚೌಕಟ್ಟನ್ನು ರೋಗಿಯ ಬಾಯಿಗೆ ಕೂರಿಸಬಾರದು.