ಉಡುಪಿ ಉಲ್ಕಾಶಿಲೆ

ಉಡುಪಿ ಉಲ್ಕಾಶಿಲೆಯು 1866ರ ಏಪ್ರಿಲ್ ತಿಂಗಳಲ್ಲಿ ಅಂದಿನ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಬಿದ್ದ ಕಲ್ಲಿನ ಉಲ್ಕಾಶಿಲೆ. ಇದು ಎಚ್5 ವರ್ಗದ ಸಾಮಾನ್ಯ ಕಾಂಡ್ರೈಟ್ ಆಗಿದೆ. ಬಿದ್ದ ಸ್ಥಳಕ್ಕೆ ಸಮೀಪದ ಊರಿನ ಹೆಸರನ್ನೇ ಉಲ್ಕಾಶಿಲೆಗೆ ಇಡುವುದು ರೂಢಿ.

ಸಂಯೋಜನೆ

ಕಾಂಡ್ರೈಟ್‌ಗಳಲ್ಲಿ ಕಾಂಡ್ರೂಲ್ ಎಂಬ ಗುಂಡನೆಯ ಸಣ್ಣ ಕಣಗಳಿರುತ್ತವೆ. ಸುಮಾರು 456 ಕೋಟಿ ವರ್ಷಗಳ ಹಿಂದೆ, ಸೌರಮಂಡಲವು ರೂಪುಗೊಳ್ಳುತ್ತಿದ್ದಾಗ, ಕರಗಿದ ಹನಿಗಳು ತಣಿದು ಇವು ಉಂಟಾದವು. ‘ಎಚ್’ ಅಕ್ಷರವು ಒಟ್ಟು ಕಬ್ಬಿಣಾಂಶವು ಅಧಿಕವಾಗಿರುವುದನ್ನು (ತೂಕದಲ್ಲಿ ಸುಮಾರು ಶೇ. 25–30) ಸೂಚಿಸುತ್ತದೆ, ‘5’ ಎಂಬ ಅಂಕಿಯು ಮೂಲ ಕ್ಷುದ್ರಗ್ರಹದೊಳಗೆ ಶಿಲೆಯು ಬಿಸಿಯಾಗಿ ರೂಪಾಂತರಗೊಂಡ ಮಟ್ಟವನ್ನು ತಿಳಿಸುತ್ತದೆ. ಆಲಿವೀನ್, ಪೈರಾಕ್ಸೀನ್, ನಿಕ್ಕಲ್ ಬೆರೆತ ಕಬ್ಬಿಣ ಹಾಗೂ ಕಬ್ಬಿಣದ ಸಲ್ಫೈಡ್ ಆದ ಟ್ರಾಯ್ಲೈಟ್ ಈ ವರ್ಗದ ಮುಖ್ಯ ಘಟಕಗಳು.

ಗುರುತಿಸುವಿಕೆ

ಕರಾವಳಿಯ ಮುರಕಲ್ಲಿನಲ್ಲಿಯೂ ಕಬ್ಬಿಣವಿದೆ. ಆದರೆ ಅದು ಆಕ್ಸೈಡ್ ರೂಪದಲ್ಲಿದ್ದು, ಕಲ್ಲು ರಂಧ್ರಮಯವಾಗಿರುತ್ತದೆ. ಹೊಸದಾಗಿ ಬಿದ್ದ ಕಾಂಡ್ರೈಟ್‌ನ ಮೇಲೆ ತೆಳುವಾದ ಕಪ್ಪು ಪದರವಿರುತ್ತದೆ. ಒಡೆದ ಭಾಗದಲ್ಲಿ ಲೋಹದ ಕಣಗಳು ಕಾಣುತ್ತವೆ. ಎಚ್ ವರ್ಗದ ಕಲ್ಲು ಅಯಸ್ಕಾಂತಕ್ಕೆ ಆಕರ್ಷಿತವಾಗುತ್ತದೆ. ನೀರು ತಗುಲಿದರೆ ಈ ಲೋಹಕ್ಕೆ ತುಕ್ಕು ಹಿಡಿದು ಮೂಲ ಸಂಯೋಜನೆಯು ಕೆಡುತ್ತದೆ. ಆದ್ದರಿಂದ ಮಳೆ ಹೆಚ್ಚಿರುವ ಪ್ರದೇಶಗಳಲ್ಲಿ ಬಿದ್ದ ಕಲ್ಲನ್ನು ಬೇಗನೆ ಸಂಗ್ರಹಿಸಿ ಒಣದಾಗಿ ಇಡುವುದು ಅಧ್ಯಯನಕ್ಕೆ ಅತ್ಯಗತ್ಯ.