ಐ. ಎಂ. ವಿಜಯನ್: ಮೈದಾನದಿಂದ ತೆರೆಗೆ

ತ್ರಿಶೂರಿನ ಮುನಿಸಿಪಲ್ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ಪಂದ್ಯ ನಡೆಯುವಾಗ ಗ್ಯಾಲರಿ ಸುತ್ತಿ ಸೋಡಾ ಮಾರುತ್ತಿದ್ದ ಬಡ ಹುಡುಗ, 1969ರಲ್ಲಿ ಹುಟ್ಟಿದ ವಿಜಯನ್. ಅದೇ ಊರಿನಲ್ಲಿ 1990ರಲ್ಲಿ ಕೇರಳ ಪೊಲೀಸ್ ತಂಡ ಫೆಡರೇಶನ್ ಕಪ್ ಗೆದ್ದಾಗ ಅವರು ಆ ತಂಡದ ಆಟಗಾರ. ಮುಂದೆ ಮೋಹನ್ ಬಗಾನ್, ಜೆಸಿಟಿ, ಎಫ್‌ಸಿ ಕೊಚ್ಚಿನ್ ಕ್ಲಬ್‌ಗಳು. 1999ರ ಸ್ಯಾಫ್ ಕ್ರೀಡಾಕೂಟದಲ್ಲಿ ಭೂತಾನ್ ವಿರುದ್ಧ ಹನ್ನೆರಡೇ ಸೆಕೆಂಡಿನಲ್ಲಿ ಗೋಲು! ಎದುರಾಳಿಗಳು ಸಾವರಿಸಿಕೊಳ್ಳುವ ಮೊದಲೇ ಚೆಂಡು ಬಲೆಯೊಳಗಿತ್ತು.

ನಟನೆಗೂ ಅವರು ಬಂದದ್ದು ದೊಡ್ಡ ಬಾಗಿಲಿನಿಂದಲೇ. ಜಯರಾಜ್ ನಿರ್ದೇಶನದ ‘ಶಾಂತಂ’ ಚಿತ್ರದಲ್ಲಿ, ರಾಜಕೀಯ ಕೊಲೆಯ ಪಾಪಪ್ರಜ್ಞೆಯಲ್ಲಿ ಬೇಯುವ ಯುವಕನ ಪಾತ್ರ. ಕಾಲ್ಚಳಕಕ್ಕೆ ಅಲ್ಲಿ ಕೆಲಸವಿಲ್ಲ, ಮುಖವೇ ಮಾತಾಡಬೇಕು. ಚಿತ್ರ 2000ನೇ ಸಾಲಿನ ಅತ್ಯುತ್ತಮ ಕಥಾಚಿತ್ರ ರಾಷ್ಟ್ರಪ್ರಶಸ್ತಿ ಪಡೆಯಿತು. ಬಳಿಕ ತಮಿಳಿನ ‘ತಿಮಿರು’ ಸೇರಿ ಹಲವು ಚಿತ್ರಗಳು. 2003ರಲ್ಲಿ ಅರ್ಜುನ ಪ್ರಶಸ್ತಿ, 2025ರಲ್ಲಿ ಪದ್ಮಶ್ರೀ.